ಅಗೋಂದದ ಆ ರಾತ್ರಿ, ಮತ್ತು ಕ್ಯಾರವಾನ್ ಬ್ಯಾಟರಿಗೆ ಸರಿಯಾಗಿ ಚಾರ್ಜ್ ಮಾಡಲು ಕಲಿತದ್ದು

ಗಾಡಿಯಲ್ಲಿ 2 ಕೆವಿಎ ಜನರೇಟರ್ ಇದೆ, ಕರೆಂಟಿಗೆ ಇನ್ನೇನು ಚಿಂತೆ ಅಂದುಕೊಂಡೇ ನಾವು ಪುಣೆ ಬಿಟ್ಟಿದ್ದು. ಗಾಡಿ ಅಂದರೆ ಹಳೆಯ ಟೆಂಪೋ ಟ್ರಾವೆಲರ್. ನಮ್ಮವರು ಮತ್ತು ಮೈದುನ ಸೇರಿ ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ಸೀಟು ತೆಗೆಸಿ, ಮಂಚ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕ್, 12 ವೋಲ್ಟಿನ ಫ್ರಿಜ್ ಎಲ್ಲ ಕೂರಿಸಿದ್ದರು. ಮನೆಯ ಇನ್ವರ್ಟರ್ ಮತ್ತು 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿಗಳನ್ನೇ ಅದಕ್ಕೆ ಹಾಕಿದ್ದಾಯಿತು. ಎರಡು ವರ್ಷದ ಹಳೆಯವು, ಆದರೂ ಚೆನ್ನಾಗಿದ್ದವು. ಟ್ಯೂಬುಲರ್ ಅಂದರೆ ಮನೆ ಇನ್ವರ್ಟರ್‌ಗೆ ಹಾಕುವ ಸೀಸ-ಆಸಿಡ್ ಬ್ಯಾಟರಿ; ಎಎಚ್ ಅಂದರೆ ಆಂಪಿಯರ್-ಗಂಟೆ, ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ 1 ಎಎಚ್. ಹಿಂಬದಿಯಲ್ಲಿ ಕಬ್ಬಿಣದ ಪೆಟ್ಟಿಗೆ ಮಾಡಿಸಿ ಪೆಟ್ರೋಲ್ ಜನರೇಟರ್ ಕೂರಿಸಿದರು. ಮೇಲೆ 330 ವ್ಯಾಟ್‌ನ ಒಂದು ಸೋಲಾರ್ ಪ್ಯಾನೆಲ್.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಕಾರಣ ಇತ್ತು. ನಮ್ಮ ಮಾವನವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ. ರಾತ್ರಿ ಮಲಗುವಾಗ, ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್ ಮೆಷಿನ್ ಹಾಕಿಕೊಳ್ಳಲೇಬೇಕು. ಅದಿಲ್ಲದೆ ಅವರು ಮಲಗಿದರೆ ಅತ್ತೆಯವರು ಪಕ್ಕದಲ್ಲಿ ಎದ್ದು ಕೂತಿರುತ್ತಾರೆ. ಹಾಗಾಗಿ ಅವರನ್ನು ಕರೆದುಕೊಂಡು ಹೋಗಬೇಕಾದರೆ ರಾತ್ರಿಯಿಡೀ ಕರೆಂಟ್ ಇರಲೇಬೇಕು. ಜನರೇಟರ್ ಹಾಕಿಸಿದ್ದು ಎಸಿಗಲ್ಲ, ಟಿವಿಗಲ್ಲ, ಇದಕ್ಕೆ.

ಡಿಸೆಂಬರಿನಲ್ಲಿ ಹೊರಟೆವು. ಕೊಲ್ಹಾಪುರ, ನಿಪ್ಪಾಣಿ ದಾಟಿ ಬೆಳಗಾವಿಯಲ್ಲಿ ನಾದಿನಿ ಮನೆ ಎದುರು ಒಂದು ರಾತ್ರಿ. ಮರುದಿನ ಚೋರ್ಲಾ ಘಾಟ್ ಇಳಿದು ಗೋವಾ, ಸಂಜೆ ಹೊತ್ತಿಗೆ ಕಾಣಕೋಣ ತಾಲ್ಲೂಕಿನ ಅಗೋಂದ. ಅಲ್ಲಿ ಒಬ್ಬರು ಬಾಯಿಯವರ (ಆ ಕಡೆ ಹೆಂಗಸರನ್ನು ಗೌರವದಿಂದ ಹಾಗೆ ಕರೆಯುತ್ತಾರೆ) ಮನೆ ಹಿತ್ತಲಿನ ತೆಂಗಿನ ತೋಟದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕಿತ್ತು. ಸಮುದ್ರ ಕಾಣುತ್ತದೆ, ನೆರಳು ಇದೆ, ಬಾವಿ ಇದೆ. ಆ ನೆರಳೇ ನಮಗೆ ಮುಂದೆ ಕಷ್ಟವಾಗಿದ್ದು. ತೆಂಗಿನ ಗರಿಯ ನೆರಳು ಪ್ಯಾನೆಲ್ ಮೇಲೆ ಸ್ವಲ್ಪ ಬಿದ್ದರೂ ಸಾಕು, ಪ್ಯಾನೆಲ್‌ನಿಂದ ಬರುವುದು ತೀರಾ ಇಳಿದುಬಿಡುತ್ತದೆ.

ಮೊದಲ ರಾತ್ರಿ ಏನೂ ತೊಂದರೆ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ಬ್ಯಾಟರಿ 12.0 ವೋಲ್ಟ್. ಸೀಸದ ಬ್ಯಾಟರಿ ತುಂಬಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಿದ್ದರೆ 12.6, 12.7 ತೋರಿಸಬೇಕು. 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಅದಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ. ಸರಿ, ಜನರೇಟರ್ ಹಚ್ಚೋಣ ಅಂತ ಹಚ್ಚಿದೆವು.

ಮೊದಲ ತೊಡಕು ಅಲ್ಲೇ. ಜನರೇಟರ್ ಓಡುತ್ತಿದೆ, ಇನ್ವರ್ಟರ್ ಮಾತ್ರ ಟಕ್ ಅಂತ ಸಪ್ಲೈ ಹಿಡಿಯುತ್ತದೆ, ಟಕ್ ಅಂತ ಬಿಡುತ್ತದೆ. ಅರ್ಧ ಗಂಟೆ ಪ್ಲಗ್ಗು, ವೈರು ಎಲ್ಲ ಅಲುಗಾಡಿಸಿ ನೋಡಿದ್ದಾಯಿತು. ಕೊನೆಗೆ ಮೈದುನ ಫೋನಿನಲ್ಲಿ ಹೇಳಿದ, "ವೈನಿ, ಹಿಂದೆ ಒಂದು ಸ್ವಿಚ್ ಇದೆ ನೋಡಿ, ಯುಪಿಎಸ್ ಅಂತ ಇದ್ದರೆ ಇನ್ನೊಂದು ಕಡೆ ಹಾಕಿ." ಮನೆಯ ಇನ್ವರ್ಟರ್‌ಗಳಲ್ಲಿ ಈ ಎರಡು ಮೋಡ್ ಇರುತ್ತವೆ. ನಮ್ಮದರಲ್ಲಿ ಯುಪಿಎಸ್ ಮೋಡ್ ಇದ್ದರೆ ಸುಮಾರು 180ರಿಂದ 260 ವೋಲ್ಟ್ ಒಳಗೆ ಬಂದರೆ ಮಾತ್ರ ಒಪ್ಪುತ್ತದೆ. ಕಂಪ್ಯೂಟರ್ ಆಫ್ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ. ಇನ್ನೊಂದು ಮೋಡ್‌ನಲ್ಲಿ 100ರಿಂದ 290ರವರೆಗೂ ನಡೆಯುತ್ತದೆ. ಸಣ್ಣ ಜನರೇಟರ್ ಮೇಲೆ ಲೋಡ್ ಬಿದ್ದ ಕೂಡಲೇ ಎಂಜಿನ್ ವೇಗ ಒಂದು ಕ್ಷಣ ತಗ್ಗುತ್ತದೆ, ಅದರ ಜೊತೆ ವೋಲ್ಟೇಜೂ ಫ್ರೀಕ್ವೆನ್ಸಿಯೂ ಅಲುಗಾಡುತ್ತವೆ. ಇನ್ವರ್ಟರ್ ಅದನ್ನು ಕೆಟ್ಟ ಕರೆಂಟ್ ಅಂತ ತಿಳಿದು ಬಿಟ್ಟುಬಿಡುತ್ತದೆ. ಸ್ವಿಚ್ ಬದಲಿಸಿದ ಕೂಡಲೇ ಹಿಡಿದುಕೊಂಡಿತು.

ಮೂರು ಗಂಟೆ ಓಡಿಸಿದೆವು. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿತ್ತು, ಹೊಗೆ ಹಿಂದಿನ ಕಿಟಕಿಗೆ ಬರುತ್ತಿತ್ತು. ಅತ್ತೆಯವರಿಗೆ ತಲೆನೋವು ಶುರುವಾಯಿತು. ಆಫ್ ಮಾಡಿ ಮೀಟರ್ ನೋಡಿದರೆ 12.8 ವೋಲ್ಟ್! ಆಹಾ, ತುಂಬಿಬಿಟ್ಟಿತು ಅಂತ ನಾನು ಪುಸ್ತಕದಲ್ಲಿ ಬರೆದೂ ಇಟ್ಟೆ. ಮನೆ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗಾಡಿಯ ಲೆಕ್ಕ ಬರೆಯುವ ಅಭ್ಯಾಸ ನನ್ನದು. ಆ ಹಾಳೆ ಈಗಲೂ ಇದೆ.

ಆ ರಾತ್ರಿ ಎರಡೂವರೆಗೆ ಇನ್ವರ್ಟರ್ ಕೂಗತೊಡಗಿತು. ಬ್ಯಾಟರಿ ಲೋ. ಫ್ಯಾನ್, ಫ್ರಿಜ್ ಎಲ್ಲ ಆಫ್ ಮಾಡಿದೆವು, ಆದರೂ ಹತ್ತು ನಿಮಿಷದಲ್ಲಿ ಸಿಪ್ಯಾಪ್ ನಿಂತಿತು. ಜನರೇಟರ್ ಹಚ್ಚುವಂತಿಲ್ಲ. ಒಳಗೆ ಜನ ಮಲಗಿರುವಾಗ ಹೊಗೆಯ ಯಂತ್ರ ಓಡಿಸಬಾರದು, ಅದು ಮೊದಲ ಮಾತು. ಮೇಲಾಗಿ ಅಗೋಂದದ ಮರಳಿನಲ್ಲಿ ಕಡಲಾಮೆಗಳು ಬಂದು ಮೊಟ್ಟೆ ಇಡುತ್ತವೆ, ರಾತ್ರಿ ಗದ್ದಲ, ಬೆಳಕು ಬೇಡ ಅಂತ ಬಾಯಿಯವರು ಬಂದ ದಿನವೇ ಹೇಳಿದ್ದರು. ಮಾವ ದಿಂಬಿಗೆ ಒರಗಿ ಕೂತೇ ಬೆಳಗು ಮಾಡಿದರು. "ಪರವಾಗಿಲ್ಲಮ್ಮ, ಸಮುದ್ರದ ಸದ್ದು ಕೇಳ್ತಾ ಕೂತಿದ್ದೀನಿ" ಅಂದರು. ನನಗೆ ಮಾತ್ರ ತುಂಬಾ ಸಂಕಟವಾಯಿತು. 12.8 ಅಂತ ಬರೆದವಳು ನಾನೇ ಅಲ್ವಾ.

ಬೆಳಿಗ್ಗೆ ಬಾಯಿಯವರು ಕಾಣಕೋಣ ಪೇಟೆಯಿಂದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು. ಬಂದವನು ಬಾಗಲಕೋಟೆ ಕಡೆಯ ಹುಡುಗ. ನಾವು ಕನ್ನಡ ಮಾತಾಡುವುದು ಕೇಳಿ ಚಪ್ಪಲಿ ಬಿಡುವ ಮೊದಲೇ "ನಮ್ಮ ಕಡೆಯವರs ಏನ್ರಿ?" ಅಂದ. ಚಹಾ ಕುಡಿದು ಚೀಲದಿಂದ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ತೆಗೆದ. ಜನರೇಟರ್ ಹಚ್ಚಿಸಿ, ಬ್ಯಾಟರಿಗೆ ಹೋಗುವ ದಪ್ಪ ವೈರಿಗೆ ಅದನ್ನು ತಗುಲಿಸಿದ. 12 ಆಂಪಿಯರ್. ಅಷ್ಟೇ. ಅದರಲ್ಲೂ ಫ್ರಿಜ್ ಓಡುತ್ತಿರುವಾಗ 4 ಆಂಪಿಯರ್ ಅದೇ ತಿನ್ನುತ್ತಿತ್ತು.

"ಅಕ್ಕಾರ, ಬೋರಿನ್ಯಾಗ ನೀರು ಬೇಕಾದಷ್ಟ ಐತಿ. ನೀವು ಪೈಪ ಅರ್ಧ ಇಂಚಿಂದು ಹಾಕೀರಿ. ಎಷ್ಟ ತಾಸು ಓಡಿಸಿದ್ರೂ ಅಷ್ಟs ಬರ್ತದ" ಅಂದ.

ಅವನ ಮಾತಿನ ಮೇಲೆ ಲೆಕ್ಕ ಹಾಕಿದೆ. ಮನೆಯ ಇನ್ವರ್ಟರ್ ರಾತ್ರಿಯಿಡೀ ಗೋಡೆ ಕರೆಂಟಿನಲ್ಲಿ ನಿಧಾನಕ್ಕೆ ಒಂದು ಬ್ಯಾಟರಿ ತುಂಬಲಿ ಅಂತ ಮಾಡಿದ್ದು. ಅದರೊಳಗಿನ ಚಾರ್ಜರ್ 10ರಿಂದ 15 ಆಂಪಿಯರ್ ಕೊಟ್ಟರೆ ಹೆಚ್ಚು. ನಮ್ಮದು 300 ಎಎಚ್, ಅರ್ಧ ಖಾಲಿಯಾದರೆ 150 ಎಎಚ್ ತುಂಬಬೇಕು. 12 ಆಂಪಿಯರಿನಲ್ಲಿ ಹನ್ನೆರಡೂವರೆ ಗಂಟೆ, ನಷ್ಟವನ್ನೂ ಸೇರಿಸಿದರೆ ಇನ್ನೂ ಜಾಸ್ತಿ. ನಾವು ಓಡಿಸಿದ್ದು ಮೂರು ಗಂಟೆ. ಬ್ಯಾಟರಿಗೆ ಸೇರಿದ್ದು 30 ಎಎಚ್ ಸುತ್ತಮುತ್ತ. ಜನರೇಟರ್ 2 ಕೆವಿಎ ಇರಲಿ, 5 ಕೆವಿಎ ಇರಲಿ, ಚಾರ್ಜರ್ 12 ಆಂಪಿಯರಿನದಾದರೆ ಬ್ಯಾಟರಿಗೆ ಹೋಗುವುದು 12 ಆಂಪಿಯರೇ. ಎಂಜಿನ್ ಮಾತ್ರ 50 ಹರ್ಟ್ಸ್ ಕೊಡುವುದಕ್ಕಾಗಿ 3000 ಆರ್‌ಪಿಎಂನಲ್ಲಿ ಓಡುತ್ತಲೇ ಇರುತ್ತದೆ. ಲೋಡ್ ಕಡಿಮೆ ಅಂತ ಪೆಟ್ರೋಲ್ ಅಷ್ಟೇನೂ ಉಳಿಯುವುದಿಲ್ಲ.

ಮತ್ತೆ ಆ 12.8? ಚಾರ್ಜಿಂಗ್ ನಿಲ್ಲಿಸಿದ ಕೂಡಲೇ ಬ್ಯಾಟರಿ ತೋರಿಸುವ ವೋಲ್ಟೇಜ್ ಬರೀ ಮೇಲ್ಮೇಲಿನದು. ಪ್ಲೇಟಿನ ಮೇಲ್ಮೈ ಚಾರ್ಜ್ ಆಗಿರುತ್ತದೆ, ಒಳಗೆ ಇನ್ನೂ ಆಗಿರುವುದಿಲ್ಲ. ಕೆಲವು ಗಂಟೆ ಏನನ್ನೂ ಹಚ್ಚದೆ ಬಿಟ್ಟು ನೋಡಬೇಕು. ಅಥವಾ ಹೈಡ್ರೋಮೀಟರ್ ಹಾಕಿ ಆಸಿಡ್‌ನ ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದರೆ ಅದು ಎಷ್ಟು ಸಾಂದ್ರ ಅನ್ನುವುದನ್ನು ನೋಡಬೇಕು. ನಮ್ಮ ಟ್ಯೂಬುಲರ್ ಪೂರ್ತಿ ತುಂಬಿದಾಗ 1.240 ಹತ್ತಿರ ಬರುತ್ತದೆ. ಅವತ್ತು ಆ ಹುಡುಗ ಒಂದೊಂದೇ ಸೆಲ್ ತೆರೆದು ನೋಡಿದ, 1.150ರ ಆಸುಪಾಸು. ಎರಡು ಬ್ಯಾಟರಿಯೂ ಖಾಲಿ. ಬೆಳಗಾವಿಯಿಂದ ಬರುವಾಗಲೇ ಅವು ಅರೆಬರೆ ತುಂಬಿದ್ದವು ಅನ್ನುವುದು ಆಗ ಗೊತ್ತಾಯಿತು.

ಆ ಸಲ ಉಳಿದ ದಿನ ಬಾಯಿಯವರ ಮನೆಯಿಂದ ಒಂದು ವೈರ್ ಎಳೆದು ಕಳೆದೆವು. ಅವರು ದುಡ್ಡು ಬೇಡ ಅಂದರು, ಬಲವಂತ ಮಾಡಿ ಕೊಟ್ಟೆವು.

ಪುಣೆಗೆ ಬಂದ ಮೇಲೆ ಮೈದುನ, ನಮ್ಮವರು, ನಾನು ಮೂವರೂ ಕೂತು ಹೊಸದಾಗಿ ಯೋಚಿಸಿದೆವು. ಬೇಕಾಗಿದ್ದುದು ಬೇರೆ ಚಾರ್ಜರ್, ದೊಡ್ಡ ಜನರೇಟರ್ ಅಲ್ಲ. ಟ್ಯೂಬುಲರ್ ಬ್ಯಾಟರಿಗೆ ಅದರ ಎಎಚ್‌ನ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಆಂಪಿಯರ್ ಕೊಟ್ಟರೆ ಅದಕ್ಕೂ ಹಿತ, ನಮಗೂ ಬೇಗ. 300 ಎಎಚ್‌ಗೆ 30ರಿಂದ 45. ಹಾಗಾಗಿ 12 ವೋಲ್ಟ್, 40 ಆಂಪಿಯರಿನ ಮೂರು ಹಂತದ ಚಾರ್ಜರ್ ತೆಗೆದುಕೊಂಡೆವು. ಮೊದಲ ಹಂತದಲ್ಲಿ ಪೂರ್ತಿ 40 ಆಂಪಿಯರ್ ಕೊಡುತ್ತದೆ. ವೋಲ್ಟೇಜ್ 14.4ಕ್ಕೆ ಬಂದ ಮೇಲೆ ಅಲ್ಲೇ ಹಿಡಿದು ನಿಲ್ಲಿಸುತ್ತದೆ, ಆಗ ಬ್ಯಾಟರಿ ತಾನಾಗಿ ಕಡಿಮೆ ಕಡಿಮೆ ಕರೆಂಟ್ ಎಳೆದುಕೊಳ್ಳುತ್ತಾ ಹೋಗುತ್ತದೆ. ಕೊನೆಗೆ 13.6ರ ಹತ್ತಿರ ಇಳಿಸಿ ಕಾಯುತ್ತದೆ.

ಜನರೇಟರ್ ಇದನ್ನು ಹೊರುತ್ತದೆಯೇ ಅಂತಲೂ ನೋಡಬೇಕು. 40 ಆಂಪಿಯರನ್ನು 14.4 ವೋಲ್ಟಿನಿಂದ ಗುಣಿಸಿದರೆ 576 ವ್ಯಾಟ್. ಚಾರ್ಜರ್‌ನಲ್ಲಿ ಆಗುವ ನಷ್ಟ ಸೇರಿ ಜನರೇಟರ್‌ನಿಂದ ಎಳೆಯುವುದು 680ರ ಸುತ್ತ. ಆದರೆ ಸಾದಾ ಚಾರ್ಜರ್‌ಗಳ ಪವರ್ ಫ್ಯಾಕ್ಟರ್ (ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವ ವಿಎಯಲ್ಲಿ ನಿಜವಾದ ವ್ಯಾಟ್ ಎಷ್ಟು ಪಾಲು ಅನ್ನುವುದು) ಕಡಿಮೆ, 0.65 ಅಂತ ಹಿಡಿದರೆ ಜನರೇಟರ್ ಮೇಲೆ 1000 ವಿಎಗಿಂತ ಸ್ವಲ್ಪ ಮೇಲೇ ಬೀಳುತ್ತದೆ. 1 ಕೆವಿಎ ಜನರೇಟರ್ ಸಾಕು ಅಂತ ವ್ಯಾಟ್ ಮಾತ್ರ ನೋಡಿ ಕೊಳ್ಳುವವರು ಇದನ್ನು ದಯವಿಟ್ಟು ಗಮನಿಸಿ. ನಮ್ಮ 2 ಕೆವಿಎಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಲೋಡ್. ಅದು ಎಂಜಿನ್‌ಗೂ ಒಳ್ಳೆಯದು. ಲೋಡ್ ಇಲ್ಲದೆ ಗಂಟೆಗಟ್ಟಲೆ ಓಡಿದರೆ ಒಳಗೆ ಮಸಿ ಕಟ್ಟುತ್ತದೆ.

ಇಷ್ಟು ತಿಳಿದುಕೊಂಡೂ ಎರಡು ತಪ್ಪು ಮಾಡಿದೆವು.

ಒಂದು, ಚಾರ್ಜರನ್ನು ಮುಂದಿನ ಸೀಟಿನ ಕೆಳಗೆ ಇಟ್ಟೆವು, ಜಾಗ ಇದ್ದದ್ದು ಅಲ್ಲೇ. ಬ್ಯಾಟರಿ ಹಿಂದೆ, ನಾಲ್ಕು ಮೀಟರ್ ದೂರ. ಮನೆಯಲ್ಲಿದ್ದ 6 ಸ್ಕ್ವೇರ್ ಎಂಎಂ ವೈರ್ ಎಳೆದೆವು, ಮನೆ ವೈರಿಂಗಿನಲ್ಲಿ ಅದೇ ದಪ್ಪ ವೈರ್ ಅಲ್ವಾ. ಹೋಗುವುದು ನಾಲ್ಕು ಮೀಟರ್, ಬರುವುದು ನಾಲ್ಕು ಮೀಟರ್. 40 ಆಂಪಿಯರ್ ಹರಿಯುವಾಗ ಆ ವೈರಿನಲ್ಲೇ 0.9 ವೋಲ್ಟ್ ಹೋಗುತ್ತದೆ. 230 ವೋಲ್ಟಿನ ಲೈನಿನಲ್ಲಿ 0.9 ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 14 ವೋಲ್ಟಿನಲ್ಲಿ ಹೋದರೆ ಕೆಲಸವೇ ಕೆಡುತ್ತದೆ. ಚಾರ್ಜರ್ ತನ್ನ ಹತ್ತಿರ 14.4 ಬಂತು ಅಂತ ಕರೆಂಟ್ ತಗ್ಗಿಸುತ್ತಿತ್ತು, ಬ್ಯಾಟರಿ ತುದಿಯಲ್ಲಿ ಇನ್ನೂ 13.5. ವೈರ್ ಮುಟ್ಟಿದರೆ ಬಿಸಿ. ಆಮೇಲೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋಗಿ 25 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಲಗ್ಗು, ಫ್ಯೂಸ್ ತಂದು, ಚಾರ್ಜರನ್ನು ಬ್ಯಾಟರಿಯಿಂದ ಒಂದು ಮೀಟರ್ ದೂರಕ್ಕೆ ಸರಿಸಿದೆವು. ಉದ್ದದ ವೈರ್ ಬೇಕಿದ್ದರೆ ಅದು 230 ವೋಲ್ಟಿನ ಕಡೆ ಇರಲಿ. ಎರಡು ಬ್ಯಾಟರಿ ಜೋಡಿಸುವಾಗಲೂ ಪ್ಲಸ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆದೆವು. ಎರಡನ್ನೂ ಒಂದೇ ಬ್ಯಾಟರಿಯಿಂದ ತೆಗೆದರೆ ಆ ಬ್ಯಾಟರಿಯೇ ಹೆಚ್ಚು ದುಡಿಯುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಚಾರ್ಜರಿನ ಪ್ಲಗ್ಗನ್ನು ಇನ್ವರ್ಟರ್‌ನಿಂದ ಹೊರಬರುವ ಲೈನಿನ ಸಾಕೆಟ್ಟಿಗೆ ಹಾಕಿಬಿಟ್ಟಿದ್ದೆವು. ಜನರೇಟರ್ ಓಡುವಾಗ ಎಲ್ಲ ಸರಿ. ಆಫ್ ಮಾಡಿದ ಮೇಲೆ ಇನ್ವರ್ಟರ್ ಬ್ಯಾಟರಿಯಿಂದ 230 ವೋಲ್ಟ್ ಮಾಡುತ್ತದೆ, ಆ 230ರಿಂದ ಚಾರ್ಜರ್ ಅದೇ ಬ್ಯಾಟರಿಗೆ ಚಾರ್ಜ್ ಮಾಡುತ್ತದೆ! ಸುತ್ತಿ ಸುತ್ತಿ ಪ್ರತಿ ಸುತ್ತಿನಲ್ಲೂ ನಷ್ಟ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದೆವು, ಹಾಗಾಗಿ ಗೊತ್ತಾಯಿತು. ರಾತ್ರಿ ಊಟ ಮುಗಿಸಿ ಬಂದು ನೋಡಿದರೆ ಚಾರ್ಜರ್ ಫ್ಯಾನ್ ತಿರುಗುತ್ತಲೇ ಇದೆ, ಬ್ಯಾಟರಿ ಇಳಿಯುತ್ತಿದೆ. ಈಗ ಜನರೇಟರ್‌ನಿಂದ ಬರುವ ಲೈನ್ ಇನ್ವರ್ಟರ್‌ಗೆ ಹೋಗುವ ಮೊದಲೇ ಚಾರ್ಜರ್‌ಗೆ ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಹಾಕಿ ಕೊಟ್ಟಿದ್ದೇವೆ. ಜನರೇಟರ್ ನಿಂತರೆ ಅದೂ ನಿಲ್ಲುತ್ತದೆ.

ಹೊಗೆಯ ವಿಷಯವನ್ನು ಮೈದುನನ ಮೇಲೆ ಬಿಡದೆ ನಾನೇ ಕೂತು ಮಾಡಿಸಿದೆ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಅತ್ತೆಯವರಿಗೆ ಅವತ್ತು ಬಂದ ತಲೆನೋವು ಅದರದ್ದೇ ಇರಬಹುದು, ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಪೆಟ್ಟಿಗೆಯಿಂದ ಗಾಡಿಯ ಒಳಕ್ಕೆ ಇದ್ದ ವೈರಿನ ತೂತುಗಳನ್ನೆಲ್ಲ ಮುಚ್ಚಿಸಿದೆ. ಸೈಲೆನ್ಸರ್ ಪೈಪನ್ನು ಗಾಡಿಯ ಅಂಚು ದಾಟಿ ಹೊರಗೆ ಬರುವಂತೆ ಮಾಡಿಸಿದೆ. ಒಳಗೆ, ಮಲಗುವ ಎತ್ತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ಜನರೇಟರ್ ಓಡುವಾಗ ಅತ್ತೆ ಮಾವ ಇಬ್ಬರೂ ಹೊರಗೆ ಕುರ್ಚಿಯಲ್ಲಿ, ಗಾಳಿ ಬರುವ ಕಡೆ. ಇದಕ್ಕೆ ಯಾವತ್ತೂ ವಿನಾಯಿತಿ ಇಲ್ಲ.

ಮುಂದಿನ ಸಲ ಹೊರಟಿದ್ದು ಮಳೆಗಾಲ ಕಳೆದ ಮೇಲೆ. ನಾಲ್ಕು ತಿಂಗಳು ಜನರೇಟರ್ ಮುಟ್ಟಿರಲಿಲ್ಲ, ಹೊರಡುವ ಮುನ್ನ ಎಷ್ಟು ಹಗ್ಗ ಎಳೆದರೂ ಎದ್ದೇಳಲಿಲ್ಲ. ಹಳೆಯ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಅಂಟಾಗಿತ್ತು. ಬಿಚ್ಚಿ ತೊಳೆಸಿ, ಆಯಿಲ್ ಬದಲಿಸಿ ಹೊರಟೆವು. ಈಗ ತಿಂಗಳಿಗೊಮ್ಮೆ ಅರ್ಧ ಲೋಡ್ ಹಾಕಿ ಓಡಿಸುತ್ತೇವೆ.

ಮತ್ತೆ ಅಗೋಂದ, ಮತ್ತೆ ಅದೇ ಬಾಯಿಯವರ ತೋಟ. ಈ ಸಲ ಗಾಡಿಯನ್ನು ಎರಡು ಮರಗಳ ನಡುವಿನ ಬಯಲಿಗೆ ನಿಲ್ಲಿಸಿದೆವು, ಹನ್ನೊಂದರಿಂದ ಮೂರರವರೆಗೆ ಪ್ಯಾನೆಲ್ ಮೇಲೆ ನೇರ ಬಿಸಿಲು. ದಿನದ ಖರ್ಚು ಬರೆದುಕೊಂಡಿದ್ದೆ: ಫ್ರಿಜ್‌ಗೆ 40 ಎಎಚ್, ಫ್ಯಾನುಗಳಿಗೆ 20, ದೀಪ, ಪಂಪ್, ಫೋನು ಎಲ್ಲ ಸೇರಿ 15, ಮಾವನ ಮೆಷಿನ್‌ಗೆ 28. ಮೆಷಿನ್‌ನ ನೀರು ಬಿಸಿ ಮಾಡುವ ಭಾಗ ಬಂದ್ ಮಾಡಿದ್ದರಿಂದ ಅಷ್ಟಕ್ಕೆ ನಿಂತಿತು, ಸಮುದ್ರದ ಹತ್ತಿರ ಗಾಳಿಯಲ್ಲೇ ಸಾಕಷ್ಟು ತೇವ ಇರುತ್ತದೆ. ಒಟ್ಟು ನೂರರ ಮೇಲೆ ಸ್ವಲ್ಪ.

ಬೆಳಿಗ್ಗೆ ಎಂಟಕ್ಕೆ ಜನರೇಟರ್ ಹಚ್ಚಿದೆವು. ಮೂರು ನಿಮಿಷ ಲೋಡ್ ಇಲ್ಲದೆ ಬಿಸಿಯಾಗಲು ಬಿಟ್ಟು ಆಮೇಲೆ ಚಾರ್ಜರ್ ಎಂಸಿಬಿ ಮೇಲಕ್ಕೆ. ನಾನೇ ಕೊಂಡ ಕ್ಲ್ಯಾಂಪ್ ಮೀಟರ್ ತೋರಿಸಿದ್ದು 39 ಆಂಪಿಯರ್. ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಎಂಟೂವರೆಗೆ 39, ಒಂಬತ್ತಕ್ಕೆ 39, ವೋಲ್ಟೇಜ್ ಮೆಲ್ಲಗೆ 13.2, 13.5, 13.9 ಅಂತ ಏರುತ್ತಿತ್ತು. ಹತ್ತಕ್ಕೆ 14.4 ಮುಟ್ಟಿತು. ಅಲ್ಲಿಂದ ಆಂಪಿಯರ್ ಇಳಿಯಲು ಶುರು: 34, 28, 22. ಹತ್ತೂವರೆಗೆ ಆಫ್ ಮಾಡಿದೆ. ಎರಡೂವರೆ ಗಂಟೆಯಲ್ಲಿ 90 ಎಎಚ್‌ಗಿಂತ ಜಾಸ್ತಿ ಹೋಗಿತ್ತು, ಪೆಟ್ರೋಲ್ ಸುಮಾರು ಒಂದೂವರೆ ಲೀಟರ್.

ನಮ್ಮವರು "ಇನ್ನೂ ಪೂರ್ತಿ ತುಂಬಿಲ್ಲವಲ್ಲ, ಓಡಲಿ ಬಿಡು" ಅಂದರು. ಬೇಡ ಅಂದೆ. ಸೀಸದ ಬ್ಯಾಟರಿಯ ಕೊನೆಯ ನೂರಕ್ಕೆ ಇಪ್ಪತ್ತು ಭಾಗ ತುಂಬಲು ಗಂಟೆಗಟ್ಟಲೆ ಬೇಕು, ಅದನ್ನು ಯಾರಿಂದಲೂ ಬೇಗ ಮಾಡಿಸಲು ಆಗುವುದಿಲ್ಲ. ಆ ಹೊತ್ತಿನಲ್ಲಿ ಜನರೇಟರ್ ಓಡಿಸಿದರೆ ಬರೀ 15, 10 ಆಂಪಿಯರ್‌ಗೆ ಅಷ್ಟೇ ಪೆಟ್ರೋಲ್. ಆ ಕೆಲಸಕ್ಕೆ ಬಿಸಿಲು ಇದೆ. ಬೆಳಿಗ್ಗೆ ಬ್ಯಾಟರಿ ಹಸಿದಿರುವಾಗ ಜನರೇಟರ್, ಆಮೇಲೆ ನಿಧಾನದ ಕೆಲಸಕ್ಕೆ ಸೋಲಾರ್. ಮೊದಲೆಲ್ಲ, ಸಂಜೆಯವರೆಗೆ ಸೋಲಾರ್ ಏನು ಕೊಡುತ್ತದೋ ನೋಡಿ, ಸಾಲದಿದ್ದರೆ ಆಮೇಲೆ ಜನರೇಟರ್ ಹಚ್ಚೋಣ ಅಂತ ಯೋಚಿಸುತ್ತಿದ್ದೆವು. ಅದು ಪೂರ್ತಿ ಉಲ್ಟಾ.

ಆದರೆ ಅರೆಬರೆ ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡಬಾರದು, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. ಊರಿಗೆ ಬಂದ ದಿನವೇ ಪಾರ್ಕಿಂಗ್‌ನಲ್ಲಿ ಪ್ಲಗ್ ಹಾಕಿ ರಾತ್ರಿಯಿಡೀ ಬಿಡುತ್ತೇವೆ. ಮರುದಿನ ಡಿಸ್ಟಿಲ್ಡ್ ವಾಟರ್ ನೋಡಿ, ಎರಡೂ ಬ್ಯಾಟರಿಗಳ ಆರಾರು ಸೆಲ್‌ಗೂ ಹೈಡ್ರೋಮೀಟರ್ ಹಾಕಿ ಬರೆದಿಡುತ್ತೇನೆ. ಮೈದುನ ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕೋಣ ಅನ್ನುತ್ತಿದ್ದಾನೆ. ಅದು ಕೊನೆಯವರೆಗೂ ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಕರೆಂಟ್ ತೆಗೆದುಕೊಳ್ಳುತ್ತದೆ, ಅರ್ಧ ತುಂಬಿ ಬಿಟ್ಟರೂ ಬೇಸರವಿಲ್ಲ, ಜನರೇಟರ್ ಇರುವವರಿಗೆ ಹೇಳಿ ಮಾಡಿಸಿದ್ದು. ಬೆಲೆ ಮಾತ್ರ ಜಾಸ್ತಿ. ಈ ಟ್ಯೂಬುಲರ್‌ಗಳು ಇನ್ನೆರಡು ವರ್ಷ ಬರಲಿ ಅಂತ ನಾನು ಕಾಯುತ್ತಿದ್ದೇನೆ.

ಅಗೋಂದದಲ್ಲಿ ಈ ಸಲ ಐದು ರಾತ್ರಿ ಇದ್ದೆವು. ಎರಡನೆಯ ದಿನ ಬೆಳಗಿನ ಜಾವ ನಾನು ಎದ್ದಾಗ ಮಾವ ಇನ್ನೂ ನಿದ್ದೆಯಲ್ಲಿದ್ದರು. ಅವರು ಎದ್ದು ಮಾಸ್ಕ್ ತೆಗೆದ ಮೇಲೆ ಮೆಷಿನ್‌ನ ಪರದೆ ನೋಡಿದೆ, 7 ಗಂಟೆ 10 ನಿಮಿಷ ಓಡಿತ್ತು. ಬ್ಯಾಟರಿ 12.3. ಎರಡನ್ನೂ ಬರೆದುಕೊಂಡೆ. ಅತ್ತೆ ಚಹಾಕ್ಕೆ ನೀರಿಟ್ಟರು, ಮಾವ ತಮ್ಮ ಕುರ್ಚಿ ತಾವೇ ಎತ್ತಿಕೊಂಡು ಗಾಳಿ ಬರುವ ಕಡೆಗೆ ಹೋಗಿ ಕೂತರು.